ಮಿಷಿನ್ನಿಗೆ ಹಾಕಿದ ಕೊಬ್ಬರಿ ಎಣ್ಣೆ

ಇವತ್ತು ಬೆಳಿಗ್ಗೆ ಚಳಿಗೆ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಗಟ್ಟಿಯಾಗಿ ಕೂತಿತ್ತು. ತಲೆಕೆಳಗು ಮಾಡಿದರೂ ಒಂದು ಹನಿ ಬೀಳಲಿಲ್ಲ. ಅಮ್ಮನ ಹೊಲಿಗೆ ಮಿಷಿನ್ನು ನೆನಪಾಯಿತು.

ಆಗ ನಾವು ಬಿಳಿಗೆರೆಯಲ್ಲಿದ್ದೆವು. ಅಮ್ಮ ನನಗೆ ಹೊಲಿಗೆ ಕಲಿಸುತ್ತಿದ್ದಳು. ಅವಳ ಹಳೇ ಸೀರೆಯಲ್ಲಿ ನನ್ನ ಲಂಗವನ್ನು ನಾನೇ ಹೊಲಿಯುತ್ತಿದ್ದೆ, ಅಂಚೊಂದೇ ಬಾಕಿ. ಮಿಷಿನ್ನು ಕಿರುಗುಡುತ್ತಿತ್ತು. ಮನೆ ತುಂಬ ಕೊಬ್ಬರಿ ಎಣ್ಣೆ ಇರುವಾಗ ಬೇರೆ ಎಣ್ಣೆ ಯಾಕೆ ಅಂತ, ಅದರ ತೂತಿಗೆಲ್ಲ ಅದನ್ನೇ ಧಾರಾಳವಾಗಿ ಬಿಟ್ಟೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಚಳಿಗೆ ಎಣ್ಣೆ ಒಳಗೇ ಹೆಪ್ಪುಗಟ್ಟಿ ಚಕ್ರ ಅಲ್ಲಾಡುತ್ತಿಲ್ಲ. ಮಧ್ಯಾಹ್ನಕ್ಕೆ ಪಕ್ಕದ ಮನೆ ಮದುಮಗಳ ರವಿಕೆ ಕೊಡಬೇಕಿತ್ತು. ಅಮ್ಮ ಎರಡೂ ಕಾಲಲ್ಲಿ ಪೆಡಲ್ ಒತ್ತಿ ಒತ್ತಿ ಸೋತಳು. ಎಣ್ಣೆ ಬಿಟ್ಟವಳು ನಾನೇ ಅಂತ ಅಳುತ್ತಾ ಒಪ್ಪಿಕೊಂಡೆ.

"ಅಳ್ಬೇಡ ಬುಡು, ಆ ಕಡೆ ಹಿಡ್ಕೋ" ಅಂದಳು.

ಇಬ್ಬರೂ ಮಿಷಿನ್ನನ್ನು ಅಂಗಳದ ಬಿಸಿಲಿಗೆ ಎತ್ತಿಟ್ಟೆವು. ಅಮ್ಮ ಚಕ್ರವನ್ನು ಅಂಗೈಯಲ್ಲಿ ಉಜ್ಜುತ್ತಾ, "ಒಂದ್ಸಲ ತಿರುಗೇ ನಮ್ಮವ್ವ" ಅಂತ ಬೇಡಿಕೊಳ್ಳುತ್ತಿದ್ದಳು. ಬಿಸಿಲೇರಿದ ಮೇಲೆ ತಿರುಗಿತು. ರವಿಕೆ ಮುಗಿಸಿ, ನನ್ನನ್ನು ಮಿಷಿನ್ ಮುಂದೆ ಕೂರಿಸಿದಳು. ನನ್ನ ಅಂಚು ಸೊಟ್ಟಗೆ ಬಂತು. ಆದರೂ ಆ ಲಂಗ ಹಾಕಿಕೊಂಡು ಊರೆಲ್ಲ ಓಡಾಡಿದೆ.

ಈಗ ಲಕ್ವ ಹೊಡೆದು ಅಮ್ಮನ ಬಲಗೈ ಮುಷ್ಟಿ ಕಟ್ಟಿದೆ. ದಿನಾ ಎಣ್ಣೆ ಬಿಸಿ ಮಾಡಿ ಆ ಬೆರಳುಗಳಿಗೆ ಉಜ್ಜುತ್ತೇನೆ. ಇವತ್ತೂ ಅವಳನ್ನು ಅಂಗಳದಲ್ಲಿ ಕೂರಿಸಿ ಉಜ್ಜಿದೆ. "ಒಂದ್ಸಲ ಬಿಚ್ಚೇ ನಮ್ಮವ್ವ" ಅಂದೆ.

ಬಿಸಿಲು ನೆತ್ತಿಗೆ ಬಂತು. ಬೆರಳು ಬಿಚ್ಚಲಿಲ್ಲ.