ಅರಿಶಿನ ಹಚ್ಚಿದ ತುದಿ

ಅವ್ವ ತೀರಿಕೊಂಡ ದಿನದ ಬಗ್ಗೆ ನನಗೆ ಖಚಿತವಾಗಿ ನೆನಪಿರುವುದು ಒಂದೇ ಸಂಗತಿ. ಅಂಗಳದಲ್ಲಿ ಚಪ್ಪರದ ಕೆಳಗೆ ಮಲಗಿಸಿದ್ದ ಬೇವಿನ ದಿಮ್ಮಿಯನ್ನು ಓಣಿಯ ಗಂಡಸರು ಎತ್ತಿ ಹೊರಗೆ ಒಯ್ದರು. ಬಂದವರು ಕೂಡಲು ಜಾಗ ಬೇಕಿತ್ತು. ದಿಮ್ಮಿಗೆ ಹೊದಿಸಿದ್ದ ಜೋಳದ ದಂಟು ದಾರಿಯುದ್ದಕ್ಕೂ ಉದುರಿತು. "ಸಾವಕಾಶ ಹಿಡೀರಪಾ, ಒಳಗ ದೇವಿ ಅದಾಳ" ಎಂದು ಯಾರೋ ಅಂದರು. ಉಳಿದದ್ದೆಲ್ಲ ಅಕ್ಕ ಹೇಳಿ ತಿಳಿದದ್ದು. ಎಷ್ಟೋ ಸಲ ಕೇಳಿದ್ದರಿಂದ ಈಗ ಅದೂ ಕಣ್ಣಾರೆ ಕಂಡಂತಾಗಿದೆ. ಕಂಡದ್ದಲ್ಲ.

ನಮ್ಮೂರು ನಾರಾಯಣಖೇಡದಿಂದ ಕಲ್ಹೇರಿಗೆ ಹೋಗುವ ದಾರಿಯಲ್ಲಿದೆ. ರಾಜ್ಯಗಳು ಬೇರೆಯಾದ ಮೇಲೆ ನಾವು ಆಂಧ್ರದ ಕಡೆ ಉಳಿದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು. ಯಾರಿಗೂ ಅದು ವಿಶೇಷ ಅನ್ನಿಸುತ್ತಿರಲಿಲ್ಲ. ಅಪ್ಪ ಬಡಿಗ. ನೇಗಿಲು, ಕೂರಿಗೆ, ತೊಟ್ಟಿಲು, ಬಾಗಿಲು ಅವನ ದಿನದ ಕೆಲಸ. ಸುತ್ತಿನ ಹಳ್ಳಿಗಳಿಗೆ ಕಟ್ಟಿಗೆಯ ದೇವಿಯರನ್ನೂ ಮಾಡಿಕೊಡುತ್ತಿದ್ದ. ಊರ ಪೋಚಮ್ಮನ ಹಳೆಯ ಮೂರ್ತಿಗೆ ಗೆದ್ದಲು ಹತ್ತಿ ಒಂದು ಕೈ ಉದುರಿದಾಗ, ಹೊಸದನ್ನು ಮಾಡುವ ಕೆಲಸ ಅವನಿಗೇ ಬಂತು. ಹಳೆಯವಳನ್ನು ಹಳ್ಳಕ್ಕೆ ಬಿಟ್ಟು ಬಂದರು. ಗುಡಿಯಲ್ಲಿ ಅವಳ ಬದಲಿಗೆ ಒಂದು ಕೊಡ ಇಟ್ಟರು. ಹೊಸ ದೇವಿ ಬಂದು ಕೂಡುವವರೆಗೆ ಊರಲ್ಲಿ ಯಾರ ಮನೆಯಲ್ಲೂ ಲಗ್ನ ಆಗುವಂತಿಲ್ಲ.

ಅಕ್ಕನ ಲಗ್ನ ಆಗಲೇ ಗೊತ್ತಾಗಿತ್ತು. ಗಂಡು ತಾಂಡೂರಿನವನು, ಬಡಿಗರ ಮನೆಯವನೇ. ದೇವಿ ಕೂತ ಮೇಲೆ ಮೊದಲ ಅಕ್ಷತೆ ನಮ್ಮ ಮನೆಯದೇ ಎಂದು ಅವ್ವ ಎಲ್ಲರ ಮುಂದೆ ಹೇಳಿಕೊಂಡಿದ್ದಳು.

ದೇವಿಗೆ ಮರ ಆರಿಸುವಾಗ ಅಪ್ಪ ಬೆಳಗಿನ ಹೊತ್ತು ಹೋಗಿ, ಸೂರ್ಯನ ಕಡೆಗಿದ್ದ ಮೈಗೆ ಸುಣ್ಣದ ಗೆರೆ ಎಳೆದು ಬರುತ್ತಿದ್ದ. ಆ ಮೈಯಲ್ಲಿ ಮುಖ ಬರಬೇಕು. ಬೇರಿನ ಕಡೆ ಪಾದ, ಕೊಂಬೆಯ ಕಡೆ ತಲೆ. ಮರ ಹೇಗೆ ನಿಂತಿತ್ತೋ ದೇವಿಯೂ ಹಾಗೇ ನಿಲ್ಲಬೇಕು. ತಿರುವುಮುರುವಾದರೆ ಅವಳು ಊರಲ್ಲಿ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಕಡಿದ ದಿಮ್ಮಿ ನೆರಳಲ್ಲಿ ಒಂದು ಮಳೆಗಾಲ ದಾಟಿ ಒಣಗಬೇಕು. ಹಸಿಯಾಗಿದ್ದಾಗ ಕೆತ್ತಿದರೆ ಸೀಳುತ್ತದೆ. ಆ ತಿಂಗಳುಗಳಲ್ಲಿ ಪ್ರತಿ ಶುಕ್ರವಾರ ದಿಮ್ಮಿಯ ಬುಡದ ತುದಿಗೆ ಅರಿಶಿನ ಕುಂಕುಮ ಹಚ್ಚುವುದು ಮನೆಯ ಹೆಂಗಸಿನ ಕೆಲಸ. ಇನ್ನೂ ಮೂಡದ ಪಾದಕ್ಕೆ ಪೂಜೆ. ಅಂಗಳದಲ್ಲಿ ಬುಡದ ತುದಿ ಬಾಗಿಲ ಕಡೆಗಿತ್ತು. ಅವ್ವ ಹೊಸ್ತಿಲು ದಾಟಿ ಬಂದು, ಬಗ್ಗಿ, ಅಂಗೈಯಿಂದ ಹಳದಿ ಒರೆಸಿ ಹೋಗುತ್ತಿದ್ದಳು.

ನಾನು ಆಗ ಹೈದರಾಬಾದಿನ ಹುಡುಗಿಯರ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದೆ. ಅವ್ವನಿಗೆ ಜ್ವರ ಎಂದು ತಿಳಿದು ಊರಿಗೆ ಬಂದೆ. ಬಂದ ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಅವಳು ಹೋದಳು. ದಿನಚರಿ ಬರೆಯುವ ರೂಢಿ ಆಗಲೇ ಇತ್ತು. ಆ ವಾರದ ಪುಟಗಳನ್ನು ಎಷ್ಟೋ ಸಲ ತೆರೆದು ನೋಡಿದ್ದೇನೆ. ಮಳೆ ಎಂದಿದೆ, ಮೋಡ ಎಂದಿದೆ, ಬಸ್ಸು ಬರಲಿಲ್ಲ ಎಂದಿದೆ. ಅವ್ವ ಎಂಬ ಶಬ್ದ ಇಲ್ಲ.

ಮಣ್ಣು ಮಾಡಿ ಬಂದ ಮೇಲೆ ದಿಮ್ಮಿ ಕೆಲವು ದಿನ ಓಣಿಯಲ್ಲೇ ಮಳೆಗೆ ನೆನೆಯಿತು. ಸೂತಕ ಕಳೆದು ಮನೆ ಸಾರಿಸಿದ ಮೇಲೆ ಯಾರೋ ಅದನ್ನು ಎತ್ತಿ ತಂದು ಚಪ್ಪರದ ಕೆಳಗೆ ಮೊದಲಿನ ಜಾಗದಲ್ಲೇ ಇಟ್ಟರು. ಅರಿಶಿನ ತೊಳೆದು ಹೋಗಿತ್ತು. ಮುಂದಿನ ಶುಕ್ರವಾರ ಅಕ್ಕ ತಾನಾಗಿಯೇ ಬಟ್ಟಲು ತಂದು ಹೊಸ್ತಿಲು ದಾಟಿ, ಬಗ್ಗಿ, ಬಾಗಿಲ ಕಡೆಯ ತುದಿಗೆ ಹಚ್ಚಿದಳು. ಅವ್ವ ಹಚ್ಚುತ್ತಿದ್ದ ಹಾಗೆಯೇ.

ಮನೆಯಲ್ಲಿ ಸಾವಾದರೆ ಮದುವೆಗೆ ನಿಂತ ಮಗಳ ಲಗ್ನ ವರ್ಷದೊಳಗೆ ಆಗಬೇಕು, ಇಲ್ಲವಾದರೆ ಮೂರು ವರ್ಷ ತಡೆಯಬೇಕು. ಅಕ್ಕನಿಗೆ ಆಗಲೇ ವಯಸ್ಸು ಮೀರುತ್ತಿದೆ ಎನ್ನುವವರಿದ್ದರು. ದಿಮ್ಮಿ ಒಣಗಿದ ಕೂಡಲೇ ಅಪ್ಪ ಕೆಲಸಕ್ಕೆ ಕೂತ.

ರಜೆಗೆ ಬಂದಾಗ ಅವನು ಕೆತ್ತುವುದನ್ನು ನೋಡುತ್ತಿದ್ದೆ. ಬಾಚಿಯಿಂದ ದಿಮ್ಮಿಗೆ ನಾಲ್ಕು ಮೈ ಮಾಡಿಕೊಂಡ. ಕಾವಿಯಲ್ಲಿ ಅದ್ದಿದ ದಾರವನ್ನು ಎರಡು ತುದಿಗೂ ಬಿಗಿದು ಮಿಡಿದಾಗ ನಡುವೆ ಕೆಂಪು ಗೆರೆ ಬಿತ್ತು. ದೇವಿಯ ಎಡ ಬಲ ಎರಡೂ ಆ ಗೆರೆಯಿಂದಲೇ. ಅಳತೆಗೆ ಕಟ್ಟಿಗೆಯ ಪಟ್ಟಿ ಇರಲಿಲ್ಲ. ಮೊದಲು ಮುಖದ ಉದ್ದ ನಿರ್ಧಾರವಾಗಬೇಕು; ಎದೆ, ನಡು, ಮೊಣಕಾಲು ಎಲ್ಲ ಆ ಮುಖದ ಲೆಕ್ಕದಲ್ಲಿ. ಹಾಗಾಗಿ ಮುಖವನ್ನೇ ಮೊದಲು ತೆಗೆದ. ಮೂಗು, ತುಟಿ, ಗಲ್ಲ ಬಂದವು. ಕಣ್ಣಿನ ಜಾಗದಲ್ಲಿ ಎರಡು ಉಬ್ಬು ಮಾತ್ರ ಬಿಟ್ಟಿದ್ದ. ಕೈಗಳನ್ನು ಬೇರೆ ತುಂಡಿನಲ್ಲಿ ಕೆತ್ತಿ ಬೆಣೆ ಹೊಡೆದು ಕೂಡಿಸುವುದು, ಸಂದುಗಳಿಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಟ್ಟಿಗೆಯ ಹೊಟ್ಟು ತುಂಬುವುದು, ಹಳೆ ಸೀರೆಯ ಬಟ್ಟೆ ಅಂಟಿಸಿ ಸುಣ್ಣ ಬಳಿದು ಬಣ್ಣ ಹಚ್ಚುವುದು, ಎಲ್ಲ ಆಮೇಲೆ. ಬಣ್ಣವನ್ನು ಜಹೀರಾಬಾದಿನಿಂದ ತಂದಿಟ್ಟಾಗಿತ್ತು.

ಆ ಮಧ್ಯಾಹ್ನ ನಾನು ಚಹಾ ತಂದೆ ಎಂದು ಬರೆಯಲು ಹೊರಟಿದ್ದೆ. ತಂದವಳು ಅಕ್ಕನೂ ಇರಬಹುದು. ಇಬ್ಬರೂ ಅಲ್ಲಿದ್ದೆವು. ಅಪ್ಪ ಸೊಂಟದ ಹತ್ತಿರ ಕೆತ್ತುತ್ತಿದ್ದ. ಒಂದು ಚಕ್ಕೆ ಎದ್ದಾಗ ಒಳಗಿಂದ ಕಪ್ಪು ಗಂಟು ಕಾಣಿಸಿತು. ಹಿಂದೆ ಯಾವಾಗಲೋ ಕೊಂಬೆ ಒಡೆದಿದ್ದ ಜಾಗ. ಗಂಟಿನ ಎಳೆ ಎತ್ತ ಹೋಗಿದೆ ಎಂದು ಹೆಬ್ಬೆರಳಿನಿಂದ ಸವರಿದ. ಕೊಂಬೆ ಮೇಲಕ್ಕೆ ಬೆಳೆಯುತ್ತದೆ. ಈ ಕೊಂಬೆ ದೇವಿಯ ಪಾದದ ಕಡೆಗೆ ಬೆಳೆದಿತ್ತು. ಅಪ್ಪ ಎದ್ದು ದಿಮ್ಮಿಯ ಸುತ್ತ ಬಂದ. ಎರಡು ತುದಿಗೂ ಕೂತು ನೋಡಿದ. ಬಾಚಿ ಕೆಳಗಿಟ್ಟ.

"ತೆಲಿಕೆಳಗ ಅದ" ಎಂದ.

"ಏನು?" ಎಂದಳು ಅಕ್ಕ.

"ದೇವಿ. ಬೇರು ಮ್ಯಾಲ ಆಗ್ಯಾವ."

ಅಕ್ಕ ಬಾಗಿಲ ಕಡೆಯ ತುದಿಗೆ ಬಗ್ಗಿ ನೋಡಿದಳು. "ಹ್ಯಾಂಗ ಆಗ್ತದಪಾ? ಅರಿಶಿಣ ನಾನೇ ಹಚ್ಚೀನಿ. ಅವ್ವ ಹಚ್ಚತಿದ್ದ ಕಡೀಗೇ ಹಚ್ಚೀನಿ, ಬಾಗಿಲ ಕಡಿ."

"ನೀ ಬಾಗಿಲ ಕಡಿ ಹಚ್ಚೀದಿ. ನಿಮ್ಮವ್ವ ಬುಡಕ್ಕ ಹಚ್ಚತಿದ್ದಳು."

ಬೈದು ಹೇಳಿದ್ದಲ್ಲ. ಕೂರಿಗೆಯ ಅಳತೆ ಹೇಳುವ ದನಿಯಲ್ಲಿ ಹೇಳಿದ. ಓಣಿಯಿಂದ ಎತ್ತಿ ತಂದವರು ದಿಮ್ಮಿಯನ್ನು ತಿರುಗಿಸಿ ಇಟ್ಟಿದ್ದರು, ಅಷ್ಟೆ. ಆದರೆ ಅಪ್ಪನಿಗೆ ಮರದ ಬುಡ ಯಾವುದು ತುದಿ ಯಾವುದು ಎಂದು ತಿಳಿಯಲು ಅರಿಶಿನ ಬೇಕಿತ್ತೇ? ನೇಗಿಲಿಗೆ ತಂದ ಜಾಲಿಯ ತುಂಡನ್ನು ಕೈಯಲ್ಲಿ ಹಿಡಿದೇ ಹೇಳುವವನು. ಇಷ್ಟು ತಿಂಗಳು ಎದುರಿಗೆ ಕೂತು ಕೆತ್ತಿದ. ನೋಡದೆ ಕೆತ್ತಿದ ಎಂದು ನಾನು ಅಂದುಕೊಂಡಿದ್ದೇನೆ. ಅದೂ ನನ್ನ ಊಹೆಯೇ.

ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ, ಬಟ್ಟೆ ಅಂಟಿಸಿ ಬಣ್ಣ ಬಳಿದ ಮೇಲೆ ಗಂಟು ಎಲ್ಲಿ ಕಾಣುತ್ತದೆ ಎಂಬ ಮಾತು ಅಂದು ಮನೆಯಲ್ಲಿ ಬಂತು. ಅದನ್ನು ಆಡಿದವಳು ನೀನು ಎಂದು ಅಕ್ಕ ಈಗ ಹೇಳುತ್ತಾಳೆ. ನನಗೆ ಅದು ಅವಳ ದನಿಯಲ್ಲಿ ಕೇಳಿಸುತ್ತದೆ. ಅಪ್ಪ ಬಾಚಿಯನ್ನು ಒಳಗೆ ಒಯ್ದಿಟ್ಟ ಎನ್ನುವುದರಲ್ಲಿ ಇಬ್ಬರದೂ ಒಂದೇ ನೆನಪು.

ಕೆಲವು ದಿನ ಕೆಲಸ ನಿಂತಿತು. ಅಷ್ಟರಲ್ಲಿ ತಾಂಡೂರಿನಿಂದ ಗಂಡಿನ ತಂದೆ ಬಂದರು. ದೊಡ್ಡ ಹೊಟ್ಟೆಯ, ಗಟ್ಟಿ ದನಿಯ ಮನುಷ್ಯ. ದೇವಿ ಎಲ್ಲಿಗೆ ಬಂತು ನೋಡಿ, ಲಗ್ನದ ದಿನ ಹಿಡಿದು ಹೋಗುವ ಉದ್ದೇಶ. ಊರ ಪಟೇಲರೂ ಬಂದು ಕಟ್ಟೆಯ ಮೇಲೆ ಕೂತರು. ಅಕ್ಕ ಒಳಗೆ ಬಾಗಿಲ ಹಿಂದೆ ನಿಂತಿದ್ದಳು. ನೀರು ಕುಡಿದು ಮುಗಿಸುವ ಮೊದಲೇ ಅಪ್ಪ ಇಬ್ಬರಿಗೂ ಹೇಳಿಬಿಟ್ಟ.

ಬೀಗರು ಮೊದಲು ನಕ್ಕರು. "ಬೀಗ್ರೇ, ಬಾಯಿ ಮುಚ್ಚಿ ಬಣ್ಣ ಹಚ್ಚರಿ. ನಮ್ಮ ತಾಂಡೂರಿನಾಗ ಅರ್ಧ ಮಂದಿ ತೆಲಿಕೆಳಗೇ ನಡೀತಾರ, ಸಂಸಾರ ಮಾಡಿಲ್ಲೇನು?"

ಪಟೇಲರು ನಗಲಿಲ್ಲ. "ಹೊಸಾ ಮರ ಕಡದ್ರ?"

"ಹಸಿ ಅಂದ್ರ ಸೀಳ್ತದರಿ. ಇನ್ನೊಂದು ಮಳಿಗಾಲ ದಾಟಬೇಕು."

"ಅಷ್ಟು ದಿನ ನಮ್ಮ ಹುಡುಗ ಖಾಲಿ ಕೂಡಂಗಿಲ್ಲ ನೋಡ್ರಿ" ಎಂದರು ಬೀಗರು. ನಗು ಹೋಗಿತ್ತು. "ನಿಮ್ಮ ಮ್ಯಾಲ ಸಿಟ್ಟಿಲ್ಲ. ಬ್ಯಾರೆ ಮನಿ ನೋಡಬೇಕಾಗ್ತದ, ಮೊದಲೇ ಹೇಳ್ತೀನಿ."

"ಊರ ಮಂದಿಗಿ ನಾ ಏನಂತ ಹೇಳ್ಲೋ ಮಾರಾಯಾ" ಎಂದು ಪಟೇಲರು ರುಮಾಲು ತೆಗೆದು ತಲೆ ಕೆರೆದುಕೊಂಡರು. "ನಿನಗ ಮಾಲೂಮ್ ಆಗದೇ ಇದ್ರ ಚಲೋ ಇತ್ತು."

ಅಪ್ಪ ಎದ್ದು ಒಳಗೆ ಹೋಗಿ ಉದ್ದನೆಯ ಗರಗಸ ತಂದ. ಎರಡು ಕಡೆ ಹಿಡಿಕೆ ಇರುವಂಥದ್ದು. ದೇವಿಯ ಕೊರಳಿನ ಕೆಳಗೆ ದಾರ ಸುತ್ತಿ ಕಾವಿಯ ಗುರುತು ಹಾಕಿದ.

"ಏ, ಏ! ದೇವಿ ತೆಲಿ ಅದು!" ಪಟೇಲರು ಎದ್ದು ನಿಂತರು.

"ಕಣ್ಣು ತೆಗಿಯೋತನಕ ಕಟಗೀನೇರಿ" ಎಂದ ಅಪ್ಪ. ಪಾದದ ಪೀಠಕ್ಕೆ ಎಂದು ಬಿಟ್ಟಿದ್ದ ಕೆತ್ತದ ತುಂಡನ್ನು ತೋರಿಸಿದ. "ಹೊಳ್ಳಿಸಿ ಮಾಡ್ತೀನಿ. ಇದ್ರಾಗ ಮುಖ ಬರ್ತದ. ಗಿಡ್ಡ ಆಗ್ತಾಳ. ಆದ್ರ ನೆಟ್ಟಗ ನಿಂದರ್ತಾಳ." ಆಮೇಲೆ ಬಾಗಿಲ ಕಡೆ ತಿರುಗಿ ಅಕ್ಕನನ್ನು ಕರೆದ. "ಬಾ ಇಲ್ಲಿ. ಆ ಕಡಿ ಹಿಡಿ."

ಗರಗಸದ ಆ ತುದಿಯನ್ನು ಯಾವಾಗಲೂ ಅವ್ವ ಹಿಡಿಯುತ್ತಿದ್ದಳು. ಬೀಗರ ಎದುರಿಗೆ ಬರಬಾರದ ಹುಡುಗಿ ಸೆರಗು ಸಿಕ್ಕಿಸಿಕೊಂಡು ಬಂದು ಕೂತಳು. ಬೀಗರು ಮುಖ ಅತ್ತ ತಿರುಗಿಸಿದರು. ಅಪ್ಪ ಎಳೆದ, ಅವಳು ಎಳೆದಳು. ಬೇವಿನ ಕಹಿ ವಾಸನೆ ಬಂತು. ಬಹಳ ಹೊತ್ತು ಹಿಡಿಯಿತು, ಅಥವಾ ನನಗೆ ಹಾಗೆ ಅನ್ನಿಸಿತು. ಕೊನೆಗೆ ತಲೆ ಬೇರೆಯಾಗಿ ಹೊಟ್ಟಿನ ಮೇಲೆ ಒಂದು ಸುತ್ತು ಉರುಳಿ ನಿಂತಿತು. ಅಕ್ಕ ಗರಗಸ ಬಿಟ್ಟು ಅಂಗೈ ನೋಡಿಕೊಂಡು ಒಳಗೆ ಹೋದಳು. ಬೀಗರು ಸ್ವಲ್ಪ ಹೊತ್ತಿನ ಮೇಲೆ, "ಹುಡುಗಿ ತಾಕತ್ತು ಚಲೋ ಅದ" ಎಂದರು. ದಿನ ಹಿಡಿದು ಹೋದರು.

ಅಪ್ಪ ದಿಮ್ಮಿಯನ್ನು ತಿರುಗಿಸಿ ಮತ್ತೆ ಕೆಲಸ ಹಿಡಿದ. ಸೀರೆಯ ನೆರಿಗೆಯಾಗಬೇಕಿದ್ದದ್ದು ಭುಜವಾಯಿತು. ಭುಜವಾಗಿದ್ದದ್ದು ನೆರಿಗೆಯಾಯಿತು. ಅಗಲ ಸಾಲದ ಕಡೆ ತುಂಡು ಕೂಡಿಸಿ ಬೆಣೆ ಹೊಡೆದ. ದೇವಿಯ ಮೈಯಿಂದ ಎದ್ದ ಚಕ್ಕೆ, ಹೊಟ್ಟು ಒಲೆಗೆ ಹಾಕುವಂತಿಲ್ಲ. ಬುಟ್ಟಿಯಲ್ಲಿ ತುಂಬಿಕೊಂಡು ಹಳ್ಳಕ್ಕೆ ಬಿಟ್ಟು ಬರುವುದು ರೂಢಿ. ಆ ತಲೆಯೂ ಬುಟ್ಟಿಯಲ್ಲೇ ಹೋಯಿತು. ಅದು ಅವ್ವನ ಹಾಗೇ ಇತ್ತು ಎಂದು ಅಕ್ಕ ಬಹಳ ವರ್ಷದ ಮೇಲೆ ಒಮ್ಮೆ ಅಂದಳು. ಅಪ್ಪನಿಗೆ ಕೇಳಿಸಿತು. "ನಿಮ್ಮವ್ವನ ಮೂಗು ಸೊಟ್ಟ ಇತ್ತು. ನಾ ಸೊಟ್ಟ ಮೂಗು ಕೆತ್ತೀನೇನು?" ಎಂದ. ಮನೆಯಲ್ಲಿ ಅವ್ವನ ಫೋಟೊ ಇಲ್ಲ. ಮೂಗು ಸೊಟ್ಟ ಇದ್ದದ್ದು ನನಗೆ ನೆನಪಿಲ್ಲ. ನೇರ ಇದ್ದದ್ದೂ ನೆನಪಿಲ್ಲ.

ಕಣ್ಣು ತೆಗೆಯುವ ದಿನ ದೇವಿಯ ಎದುರಿಗೆ ಕನ್ನಡಿ ಹಿಡಿದರು. ಅವಳ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು. ಅಪ್ಪ ಪಕ್ಕದಲ್ಲಿ ನಿಂತು ಬಿಳಿಯ ಮೇಲೆ ಕಪ್ಪು ಇಟ್ಟ, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಹಳೆಯವಳ ಬೆಳ್ಳಿಯ ಕಿರೀಟ ಹೊಸಬಳ ಹುಬ್ಬಿನವರೆಗೆ ಇಳಿಯಿತು. ಪೂಜಾರಿ ಒಳಗೆ ಅರಿವೆ ತುರುಕಿ ಕೂಡಿಸಿದ. ಸೀರೆಯನ್ನು ಎರಡು ಸಲ ಮಡಚಿ ಉಡಿಸಬೇಕಾಯಿತು. ದೇವಿ ಯಾಕೆ ಸಣ್ಣವಳಾದಳು ಎಂದು ಕೇಳಿದವರಿಗೆಲ್ಲ ಅಪ್ಪ ಒಂದೇ ಉತ್ತರ ಕೊಟ್ಟ: "ಮೊದಲ ತೆಲಿಕೆಳಗ ಮಾಡಿದ್ದೆ." ಕೆಲವರು ನಕ್ಕರು, ಕೆಲವರು ಕೈ ಮುಗಿದರು. ಅವಳು ಊರಲ್ಲಿ ನಿಂತಳು.

ಅಕ್ಕನ ಲಗ್ನ ವರ್ಷ ತುಂಬುವುದರೊಳಗೆ ಆಯಿತು. ಗುಡಿಯ ಮುಂದೆ ಬಿದ್ದ ಮೊದಲ ಅಕ್ಷತೆ ಅವಳದೇ. ಅವಳ ಅಂಗೈಯ ಬೊಕ್ಕೆ ಅಷ್ಟರಲ್ಲಿ ಮಾಗಿ ಮೆಹಂದಿಯ ಕೆಳಗೆ ಮುಚ್ಚಿಹೋಗಿತ್ತು. ತಾಂಡೂರಿಗೆ ಹೊರಡುವಾಗ ಅವಳು ಅಳಲಿಲ್ಲ. ಅಪ್ಪ ಅಳಲಿಲ್ಲ. ನಾನು ಅವಳ ಟ್ರಂಕಿನ ಬೀಗದ ಕೈ ಎಲ್ಲಿದೆ ಎಂದು ಹುಡುಕುತ್ತಿದ್ದೆ.

ಈಗಲೂ ನಾನು ಒಬ್ಬಳೇ ಕೂತಾಗ ಆ ದಿನವನ್ನು ಹೊರಗೆ ತೆಗೆಯಲು ನೋಡುತ್ತೇನೆ. ಅವ್ವನನ್ನು ಎಲ್ಲಿ ಮಲಗಿಸಿದ್ದರು, ಯಾವ ಸೀರೆ ಉಡಿಸಿದ್ದರು, ನಾನು ಅವಳ ಕಾಲು ಮುಟ್ಟಿದೆನೋ ಇಲ್ಲವೋ. ಏನೂ ಬರುವುದಿಲ್ಲ. ದಿಮ್ಮಿ ಮಾತ್ರ ಬರುತ್ತದೆ. ಗಂಡಸರು ಬಗ್ಗುತ್ತಾರೆ, ಎತ್ತುತ್ತಾರೆ, ಜೋಳದ ದಂಟು ಉದುರುತ್ತದೆ. ಒಂದು ತುದಿಯಲ್ಲಿ ಅವ್ವ ಹಚ್ಚಿದ ಅರಿಶಿನ ಇದ್ದಿರಲೇಬೇಕು, ಆಗ ಇನ್ನೂ ಅದರ ಮೇಲೆ ಮಳೆ ಬಿದ್ದಿರಲಿಲ್ಲ. ಆ ತುದಿ ಮೊದಲು ಹೊರಗೆ ಹೋಯಿತೋ, ಕೊನೆಗೆ ಹೋಯಿತೋ, ಎಷ್ಟು ನೋಡಿದರೂ ನನಗೆ ಕಾಣುವುದಿಲ್ಲ.