ಆರಪಾರ ಆಗದ ತೂತು

ಗೆಳೆಯಾ, ಅಂದು ನಾನು ನಿಜ ಹೇಳಲಿಲ್ಲ. 'ತಪ್ಪು ನನ್ನದು' ಎಂಬ ಒಂದೇ ಮಾತು ಹೇಳಬೇಕಿತ್ತು; ಅದನ್ನು ನುಂಗಿಕೊಂಡು ತಂಗಿಯ ತಲೆ ತಗ್ಗಿಸಿದೆ.

ಸಿಂದಗಿಯ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಸ್ಪಾರ್ಕ್ ಮಷಿನ್ ಇದೆ. ಸಾದಾ ಡ್ರಿಲ್ ಮುರಿದುಹೋಗುವಂಥ ಗಟ್ಟಿ ಉಕ್ಕಿನಲ್ಲಿ ಇದು ಕಿಡಿಯಿಂದಲೇ ತೂತು ಕೊರೆಯುತ್ತದೆ. ಸೂಜಿಯಂಥ ಹಿತ್ತಾಳೆಯ ಕೊಳವೆ, ಅದರೊಳಗಿಂದ ಹರಿಯುವ ನೀರು, ತುದಿಯಲ್ಲಿ ಎಡೆಬಿಡದ ಕಿಡಿ. ಮುಟ್ಟದೆಯೇ ಉಕ್ಕನ್ನು ತಿನ್ನುವ ಈ ಕೊಳವೆ ತಿನ್ನುತ್ತ ತಿನ್ನುತ್ತ ತಾನೂ ಸವೆಯುತ್ತದೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಈ ಕೆಲಸ ಕಲಿಸಿದವಳು ಐಟಿಐ ಓದಿದ ತಂಗಿ ಕಸ್ತೂರಿ. ಕೊಳವೆ ಸವೆದಷ್ಟೂ ಆಳದ ಮಾಪಕ ಸುಳ್ಳು ಹೇಳುತ್ತದೆ. ಅಡಿಯಿಂದ ನೀರು ಚಿಮ್ಮಬೇಕು, ತೂರಿಸಿದ ತಂತಿ ಆಚೆ ಬರಬೇಕು, ಆಮೇಲೆಯೇ 'ಆರಪಾರ' ಅನ್ನಬೇಕು ಎಂದು ಎಷ್ಟು ಸಲ ಹೇಳಿದ್ದಳೋ.

ದೇವಣಗಾಂವದ ಗೌಡರು ಕಬ್ಬಿನ ಗಾಣದ ಪಿನ್ನಿಗೆ ಎಣ್ಣೆಯ ತೂತು ಹಾಕಲು ಹೇಳಿ, ಅದನ್ನು ಬಿಟ್ಟು ಹೋಗಿದ್ದರು. ಊಟದ ಹೊತ್ತು. ಮಾಪಕ ನೋಡಿದೆ, ತಂತಿ ತೂರಿಸಲಿಲ್ಲ, ಆರಪಾರ ಆಯಿತೆಂದು ಅವರ ಆಳಿನ ಕೈಗೆ ಕೊಟ್ಟುಬಿಟ್ಟೆ. ನಾಲ್ಕೇ ದಿನಕ್ಕೆ ಎಣ್ಣೆ ಕಾಣದೆ ಸುಟ್ಟು ಕಪ್ಪಾದ ಪಿನ್ನನ್ನು ಹಿಡಿದು ಅವರು ಬಂದಾಗ ಮಷಿನ್ ಮುಂದೆ ನಿಂತಿದ್ದವಳು ಕಸ್ತೂರಿ.

“ಹೆಣ್ಮಗಳ ಕೈಯಾಗ ಮಷಿನ್ ಕೊಟ್ರ ಹಿಂಗ ಆಗೂದು, ಮಿಸ್ತ್ರಿ. ಆಕಿಗೆ ರೊಟ್ಟಿ ಬಡಿಯಾಕ ಹಚ್ಚು. ಇನ್ನ ಮ್ಯಾಲೆ ನನ್ನ ಕೆಲಸ ನೀನ ಮಾಡಬೇಕು.”

'ಹೌದ್ರಿ' ಅಂದೆ. ಎರಡೇ ಅಕ್ಷರ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಕೈ ಒರೆಸಿಕೊಂಡು ಮನೆಗೆ ನಡೆದಳು. ಮರುದಿನ ಬರಲಿಲ್ಲ, ಆ ವಾರವೂ ಬರಲಿಲ್ಲ. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಹೆಣ್ಣುಮಗಳು ಮಷಿನ್ ಬಿಟ್ಟಳೆಂದು ಕೆಲವರಿಗೆ ಒಳಗೊಳಗೇ ಹಿತವೂ ಆಗಿತ್ತು.

ಗೆಳೆಯಾ, ಸಣ್ಣ ತೂತು ಕೊರೆಯುವವನೆಂದು ಬೀಗುತ್ತಿದ್ದ ನಾನು ಎಷ್ಟು ಸಣ್ಣವನೆಂದು ಅಳೆದುಕೊಂಡಿರಲಿಲ್ಲ. ಉಕ್ಕನ್ನು ತಿನ್ನುವ ಹಿತ್ತಾಳೆಯಾದರೂ ತಾನೂ ಒಂದಷ್ಟು ಸವೆಯುತ್ತದೆ. ನಾನು ತಂಗಿಯ ಮರ್ಯಾದೆಯನ್ನು ತಿಂದು ನುಣ್ಣಗೆ ಉಳಿದೆ. ಮೇಲಾಗಿ ಒಳ್ಳೆಯ ಕೈಯವನೆಂಬ ಹೆಸರನ್ನೂ ಪಡೆದೆ.

ಗೌಡರು ಇನ್ನೊಂದು ಪಿನ್ನು ತಂದ ದಿನ ಅದನ್ನು ಮುಟ್ಟಲು ನನ್ನ ಕೈ ಬರಲಿಲ್ಲ. ಅವರನ್ನು ಕೂರಿಸಿ ಮನೆಗೆ ಹೋಗಿ ಕಸ್ತೂರಿಯನ್ನು ಕರೆದೆ. “ನಿಮ್ಮ ಗೌಡ್ರಿಗೆ ನೀನ ಸಾಕಲ್ಲ, ಮಿಸ್ತ್ರಿ” ಎಂದು ಚುಚ್ಚಿದಳು. ಅಣ್ಣಾ ಅನ್ನಲಿಲ್ಲ. ಬಹಳ ಬೇಡಿಕೊಂಡ ಮೇಲೆ ಬಂದು, ವರ್ಕ್‌ಶಾಪಿನ ಬಾಗಿಲಲ್ಲೇ ನಿಂತಳು. ಇಬ್ಬರಿಗೂ ಕೇಳುವಂತೆ ಹೇಳಿದೆ:

“ಗೌಡ್ರ, ಆ ಪಿನ್ನ ಕೆಡಿಸಿದಾವ ನಾನರಿ, ಆಕಿ ಅಲ್ಲ. ಕಸ್ತೂರಿ, ಆವತ್ತ ನಾ ಖರೇ ಹೇಳದ ಹೌದ್ರಿ ಅಂದೆ. ತಪ್ಪಾತವ್ವ. ಹೊಟ್ಯಾಗ ಹಾಕ್ಕೊ.”