ಬೂಟು ತೊಳೆದ ನೀರಿನ ಹಸಿರು

ಬೆಳಗಿನ ಐದು ಗಂಟೆ. ಸೂರ್ಯ ಹುಟ್ಟಿದ ಅಂತ ಬರೆಯೋಣವೆಂದರೆ, ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡಿನ ಈ ಕಡಲ ದಂಡೆಯಲ್ಲಿ ಅವನು ಮುಳುಗದೆಯೇ ಎರಡು ತಿಂಗಳಾಯಿತು! ಸಂಶೋಧನಾ ಕೇಂದ್ರದ ಬಾಗಿಲ ಕೋಣೆಯಲ್ಲಿ ಬೋರ್ಗಿಲ್ ಮಂಡಿಯೂರಿ ಕೂತಿದ್ದಾರೆ. ಎದುರಿಗೆ ಬಕೆಟ್ಟು, ಕೈಯಲ್ಲಿ ಗಡಸು ಬ್ರಷ್ಷು, ಸುತ್ತ ಮೂವತ್ತೆಂಟು ಜೊತೆ ಬೂಟು. ಇಲ್ಲಿ ಯಾರ ಮನೆಗೇ ಹೋಗಿ, ಬೂಟು ಬಾಗಿಲಲ್ಲೇ ಬಿಡಬೇಕು. ಕೇಂದ್ರದ ನಿರ್ದೇಶಕರೂ ಹೆಬ್ಬೆರಳು ಇಣುಕುವ ಕಾಲುಚೀಲದಲ್ಲೇ ಸಭೆ ನಡೆಸುತ್ತಾರೆ. ಬಿಟ್ಟುಹೋದ ಬೂಟಿನ ಪಾಡೇನು ಅಂತ ಮಾತ್ರ ಯಾರೂ ಕೇಳುವುದಿಲ್ಲ.

"ಮುಖ ನನಗೆ ನೆನಪಿರಲ್ಲ. ಅಟ್ಟೆ ತೋರಿಸಿ, ಯಾರದು, ನಿನ್ನೆ ಯಾವ ಬೆಟ್ಟ ಹತ್ತಿದ್ರು, ಎಲ್ಲಿ ಜಾರಿಬಿದ್ರು, ಎಲ್ಲ ಹೇಳ್ತೀನಿ," ಎನ್ನುತ್ತಾರೆ ಬೋರ್ಗಿಲ್, ಬರೆಯಲು ಬಂದ ನನಗೆ.

ಕೇಂದ್ರದ ಅಡುಗೆ, ಶುಚಿ ನೋಡಿಕೊಳ್ಳುವ ಈ ಹೆಂಗಸಿನ ವಯಸ್ಸು ಐವತ್ತೆಂಟು. ನಾರ್ವೆಯ ಲೊಫೊಟೆನ್ ದ್ವೀಪಗಳಲ್ಲಿ ಇಪ್ಪತ್ತು ವರ್ಷ ಕಾಡ್ ಎಂಬ ಮೀನು ಸೀಳಿ ಸೀಳಿ ಬಲ ಮಣಿಕಟ್ಟು ಕೈಕೊಟ್ಟಿತು. ಒಂದು ಬೇಸಿಗೆ ಇದ್ದು ಹೋಗುತ್ತೇನೆಂದು ಬಂದವರಿಗೆ ಇದು ಹತ್ತೊಂಬತ್ತನೆಯ ಬೇಸಿಗೆ. ದಿನಕ್ಕೆ ಒಂಬತ್ತು ಬಕೆಟ್ ನೀರು, ಹದಿನಾಲ್ಕು ಬ್ರೆಡ್ಡು, ಲೆಕ್ಕವಿಲ್ಲದಷ್ಟು ಕಾಫಿ.

ಬೂಟು ತೊಳೆಯುವುದು ಮಡಿಗಾಗಿ ಅಲ್ಲ. ವಿಜ್ಞಾನಿಗಳು ಇಲ್ಲಿಗೆ ಬರುವುದೇ ನೆಲದ ಮೇಲೆ ಬದುಕುವ ಪಾಚಿಗಾಗಿ. ಒಂದೊಂದೂ ಕಣ್ಣಿಗೆ ಕಾಣದಷ್ಟು ಸಣ್ಣದು. ಕಡಲಹಕ್ಕಿಗಳು ಗೂಡುಕಟ್ಟುವ ಬಂಡೆಗಳ ಬುಡದಲ್ಲಿ, ಹಿಕ್ಕೆ ತಿಂದು ಲಕ್ಷಗಟ್ಟಲೆ ಸೇರಿದಾಗಷ್ಟೇ ಮುದುಡಿದ ಸೊಪ್ಪಿನಂತೆ ಹಸಿರಾಗುತ್ತದೆ. ಒಂದು ಕಡೆಯದು ಅಟ್ಟೆಗೆ ಅಂಟಿ ಇನ್ನೊಂದು ಕಡೆ ಹೋಗಬಾರದು. ತೊಳೆದ ನೀರು ಒಳಗಿನ ಮೋರಿಗೇ ಹೋಗಬೇಕು.

ಈ ವಾರ ಬೋರ್ಗಿಲ್ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದಾರೆ. ಒಬ್ಬರ ಎಡ ಬೂಟನ್ನು ಇನ್ನೊಬ್ಬರ ಬಲ ಬೂಟಿಗೆ ಜೊತೆ ಮಾಡಿದ್ದಾರೆ. ಕಾರಣ ಕೇಳಿದರೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು.

ಆ ಮೇ ತಿಂಗಳಲ್ಲಿ ಮೋರಿಯ ಪೈಪು ಹೆಪ್ಪುಗಟ್ಟಿತು. ಹನ್ನೊಂದು ದಿನ ಬೋರ್ಗಿಲ್ ಬೂಟು ತೊಳೆದ ನೀರನ್ನು ಎಣ್ಣೆ ಶೆಡ್ಡಿನ ಹಿಂದಿನ ಬರೀ ಜಲ್ಲಿಗೆ ಚೆಲ್ಲಿದರು, ಮರೆತರು. ಮರುವರ್ಷ ತ್ರೋಮ್ಸೊ ಊರಿನಿಂದ ಸಿನ್ನೆ ಎಂಬ ಹುಡುಗಿ ಡಾಕ್ಟರೇಟ್ ಮಾಡಲು ಬಂದಳು. ಶೆಡ್ಡಿನ ಹಿಂದೆ ಅಂಗೈಯಗಲ ಹಸಿರು ಕಂಡು ನಾಲ್ಕು ಗೂಟ ನೆಟ್ಟಳು, ಹಗ್ಗ ಕಟ್ಟಿದಳು, ಮೂರು ಬೇಸಿಗೆ ಅಲ್ಲೇ ಬೋರಲಾಗಿ ಬಿದ್ದು ಅಳೆದಳು. ಕಳೆದ ಶನಿವಾರ ಎಲ್ಲರೂ ದೋಸೆಯಂಥ ವಾಫೆಲ್ ತಿನ್ನುತ್ತಿದ್ದಾಗ ಅವಳೇ ಸಂಭ್ರಮದಿಂದ ಹೇಳಿದಳು:

"ಶೆಡ್ಡಿನ ಹಿಂದೆ ಹಕ್ಕಿ ಇಲ್ಲ, ಹಿಕ್ಕೆ ಇಲ್ಲ, ಪಾಚಿ ಗಾಳೀಲೇ ಬಂದು ನೆಲೆ ನಿಂತಿದೆ! ಶುಕ್ರವಾರ ಪ್ರಬಂಧ ಕಳಿಸ್ತಿದ್ದೀನಿ."

ಅದು ತಾವು ನೀರು ಚೆಲ್ಲಿದ ಜಾಗ ಎಂದು ಬೋರ್ಗಿಲ್‌ಗೆ ಆಗಲೇ ಹೊಳೆದದ್ದು. ಮೂರು ವರ್ಷ ಆ ಹಗ್ಗ ನೋಡಿಯೂ ಹೊಳೆಯಲಿಲ್ಲವೆ? "ಅಯ್ಯೋ, ಒಳಗೇನೋ ಯಂತ್ರ ಹೂತಿದ್ದಾರೆ ಅಂದ್ಕೊಂಡಿದ್ದೆ ಕಣ್ರೀ!"

ಅಲ್ಲಿಂದ ಶುರುವಾಯಿತು ಗೊಂದಲ. "ನನ್ನ ನೀರಿಂದಲೇ ಬಂತಾ? ನರಿ ಓಡಾಡತ್ತೆ, ಅದು ತಂದಿರಬಹುದು. ಗಾಳಿಯೇ ಇರಬಹುದು, ಓದಿದವಳು ಹೇಳ್ತಿದ್ದಾಳೆ. ಬಾಯಿಬಿಟ್ರೆ ಆ ಮಗೂದು ಮೂರು ವರ್ಷ ನೀರುಪಾಲು. ಸುಮ್ಮನಿದ್ರೆ ಸುಳ್ಳು ಅಚ್ಚಾಗತ್ತೆ. ತಲೆ ಕೆಟ್ಟು ಕೆರ ಹಿಡಿದುಹೋಗಿದೆ." ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ.

ಗುರುವಾರ ಬೆಳಿಗ್ಗೆ ಸಿನ್ನೆ ತನ್ನ ಬೂಟು ತೆಗೆದುಕೊಳ್ಳಲು ಬರುತ್ತಾಳೆ.

"ಕೊಡು ಬೋರ್ಗಿಲ್, ಹೊತ್ತಾಯ್ತು."

"ಕೂತ್ಕೋ. ಶೆಡ್ಡಿನ ಹಿಂದೆ ನಾನು ನೀರು ಚೆಲ್ಲಿದ್ದೆ. ನೀನು ಬರೋಕೆ ಮುಂಚಿನ ವರ್ಷ."

"ಯಾವ ನೀರು?"

"ಇದೇ."

ಸಿನ್ನೆ ಬಕೆಟ್ಟಿಗೆ ಬಗ್ಗಿ ನೋಡುತ್ತಾಳೆ. ತಳದಲ್ಲಿ ಹಕ್ಕಿಬಂಡೆಯ ರಾಡಿ.

"ಒಂದು ಸಲ ಹೇಳಬಾರದಿತ್ತಾ?"

"ನೀನು ಒಂದು ಸಲ ಕೇಳಬಾರದಿತ್ತಾ?"

ಸಿನ್ನೆ ಬೂಟು ಅಲ್ಲೇ ಬಿಟ್ಟು ಕೋಣೆಗೆ ಹೋಗುತ್ತಾಳೆ. ಶುಕ್ರವಾರ ಪ್ರಬಂಧ ಹೋಗುವುದಿಲ್ಲ, ಊಟಕ್ಕೂ ಅವಳು ಬರುವುದಿಲ್ಲ. ಶನಿವಾರ ನೋಟ್‌ಬುಕ್ಕು ಹಿಡಿದು ಬಂದು ಬಕೆಟ್ಟಿನ ಪಕ್ಕ ಕೂರುತ್ತಾಳೆ. ಆ ಹನ್ನೊಂದು ದಿನ ಯಾರ ಬೂಟಿತ್ತು? ಯಾವ ಬಂಡೆಗೆ ಹೋಗಿದ್ದರು? ಬೋರ್ಗಿಲ್ ಒಂದೊಂದೇ ಹೇಳುತ್ತಾರೆ. ಬೈಯುತ್ತಿದ್ದಾಳೋ ಬರೆಯುತ್ತಿದ್ದಾಳೋ ಅವರಿಗೆ ಅರ್ಥವಾಗುವುದಿಲ್ಲ. ಇದರಿಂದ ಬೇರೆ ಪ್ರಬಂಧವೇನಾದರೂ ಹುಟ್ಟೀತೇ ಎಂಬುದು ಸಿನ್ನೆಗೂ ಗೊತ್ತಿಲ್ಲ. ಒಂದು ಮಾತ್ರ ಖಚಿತ: ಮನುಷ್ಯರು ತಂದದ್ದನ್ನು ಇಲ್ಲಿ ಉಳಿಸುವಂತಿಲ್ಲ. ಸೋಮವಾರ ಆ ಹಸಿರನ್ನು ಕೆರೆದು ತೆಗೆಯಬೇಕು.

ಶನಿವಾರ ಮಧ್ಯಾಹ್ನ ಬೋರ್ಗಿಲ್ ನನ್ನನ್ನು ಶೆಡ್ಡಿನ ಹಿಂದೆ ಕರೆದೊಯ್ಯುತ್ತಾರೆ. ಹಗ್ಗದ ಆಚೆಯೇ ನಿಂತು ಬಗ್ಗುತ್ತಾರೆ. ಈಗ ಎರಡು ಅಂಗೈಯಗಲ, ಕಡುಹಸಿರು.

"ಕಿಟಕೀಲಿ ವರ್ಷಾವರ್ಷ ಸಬ್ಬಸಿಗೆ ಹಾಕ್ತೀನಿ. ಒಂದು ಕಡ್ಡಿ ಏಳಲ್ಲ," ಎನ್ನುತ್ತಾರೆ. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸುತ್ತಾರೆ. "ಇದು ನೋಡಿ, ತಪ್ಪಿಗೆ ಹುಟ್ಟಿದ್ದು. ಚೆನ್ನಾಗೇ ಬಂದಿದೆ, ಅಲ್ವಾ? ಕೆರೆಯೋದಾದ್ರೆ ನನ್ನ ಕೈಲೇ ಕೆರೆಸಿ ಅಂತ ಕೇಳಿದ್ದೀನಿ."